ವಸ್ತುವಿಗಿಂತ ಶಿಪ್ಪಿಂಗೇ ದುಬಾರಿಯಾದಾಗ: ಆರ್ಡರ್ ಒತ್ತುವ ಮೊದಲು ಏನೇನು ನೋಡಬೇಕು

‘ಕಾರ್ಟ್‌ಗೆ ಹಾಕುವಾಗ ಬೆಲೆ ಕಡಿಮೆ ಇತ್ತು. ಹಣ ಕಟ್ಟುವ ಹೊತ್ತಿಗೆ ಶಿಪ್ಪಿಂಗ್ ಸೇರಿ ಹೆಚ್ಚುಕಮ್ಮಿ ಎರಡರಷ್ಟಾಗಿದೆ. ಇದು ಸರೀನಾ? ಏನಾದರೂ ಮಾಡಬಹುದಾ?’ ಓದುಗರು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಡುತ್ತಿದ್ದೇನೆ.

ನಿಮ್ಮ ಸಿಟ್ಟಿಗೆ ಕಾರಣವಿದೆ. ಅರ್ಧ ಗಂಟೆ ಹುಡುಕಿ, ಬಣ್ಣ ಅಳತೆ ಎಲ್ಲ ನೋಡಿ ಆರಿಸಿದ ಮೇಲೆ, ಕೊನೆಯ ಪುಟದಲ್ಲಿ ಹೊಸದೊಂದು ಮೊತ್ತ ಕಾಣಿಸಿಕೊಂಡರೆ ಯಾರಿಗಾದರೂ ಬೇಜಾರಾಗುತ್ತದೆ. ಆದರೆ ಶಿಪ್ಪಿಂಗ್ ಚಾರ್ಜ್ ಅನ್ನುವುದು ಒಂದೇ ಖರ್ಚಲ್ಲ. ನಾಲ್ಕೈದು ಖರ್ಚುಗಳು ಕೂಡಿ ಆದ ಮೊತ್ತ ಅದು. ಅವುಗಳಲ್ಲಿ ಕೆಲವನ್ನು ನಾವು ಬದಲಾಯಿಸಲಾಗದು, ಕೆಲವನ್ನು ಖಂಡಿತ ಬದಲಾಯಿಸಬಹುದು. ನಿಮ್ಮ ಆರ್ಡರ್‌ನಲ್ಲಿ ಯಾವುದು ಭಾರವಾಗಿದೆ ಅಂತ ಪತ್ತೆ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇದಕ್ಕೆ ಬೇಕಾಗುವುದು ಇಷ್ಟೇ: ಒಂದು ಅಳತೆ ಟೇಪು, ಫೋನಿನಲ್ಲಿರುವ ಕ್ಯಾಲ್ಕ್ಯುಲೇಟರ್, ಬರೆದುಕೊಳ್ಳಲು ಒಂದು ಹಾಳೆ, ಕಾಲು ಗಂಟೆ ಸಮಯ. ಜೊತೆಗೆ ‘ಈಗಲೇ ಕೊಳ್ಳದಿದ್ದರೆ ಮುಗಿದುಹೋಗುತ್ತದೆ’ ಎಂಬ ಅವಸರವನ್ನು ಸ್ವಲ್ಪ ಪಕ್ಕಕ್ಕಿಡುವ ಮನಸ್ಸು.

ಹಂತ 1: ಕೊನೆಯ ಮೊತ್ತವನ್ನು ಮೊದಲು ನೋಡಿ

ಯಾವುದೇ ವಸ್ತು ಇಷ್ಟವಾದ ಕೂಡಲೇ ಅದನ್ನು ಕಾರ್ಟ್‌ಗೆ ಹಾಕಿ, ವಿಳಾಸ ಕೊಟ್ಟು, ಹಣ ಕಟ್ಟುವ ಪುಟದ ತನಕ ಹೋಗಿ. ಅಲ್ಲಿ ನಿಲ್ಲಿ. ಹಣ ಕಟ್ಟಬೇಡಿ. ಆ ಪುಟದಲ್ಲಿ ಕಾಣುವುದೇ ನಿಜವಾದ ಬೆಲೆ. ಅದನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಅದೇ ವಸ್ತು ಸಿಗುವ ಇನ್ನೆರಡು ಕಡೆಯೂ ಹೀಗೇ ಮಾಡಿ. ಮೂರು ಕೊನೆಯ ಮೊತ್ತಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ, ಮೊದಲ ಪುಟದಲ್ಲಿ ಅಗ್ಗ ಅನ್ನಿಸಿದ್ದು ಎಷ್ಟೋ ಸಲ ಕೊನೆಯಲ್ಲಿ ದುಬಾರಿಯಾಗಿರುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲೇ. ಹುಡುಕುವಾಗ ‘ಕಡಿಮೆ ಬೆಲೆ ಮೊದಲು’ ಅಂತ ಜೋಡಿಸಿಕೊಳ್ಳುತ್ತೇವೆ. ಆಗ ವಸ್ತುವಿನ ಬೆಲೆ ತೀರಾ ಕಡಿಮೆ ಇಟ್ಟು, ಆ ಕೊರತೆಯನ್ನು ಶಿಪ್ಪಿಂಗ್‌ನಲ್ಲಿ ತುಂಬಿಕೊಳ್ಳುವ ಮಾರಾಟಗಾರರು ಪಟ್ಟಿಯ ತುದಿಗೆ ಬಂದು ಕೂರುತ್ತಾರೆ. ಇಬೇಯಂಥ ಕೆಲವು ತಾಣಗಳಲ್ಲಿ ಬೆಲೆ ಮತ್ತು ಶಿಪ್ಪಿಂಗ್ ಎರಡನ್ನೂ ಕೂಡಿಸಿ ಜೋಡಿಸುವ ಆಯ್ಕೆ ಇದೆ. ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನಿಮ್ಮ ಹಾಳೆ ಆ ಕೆಲಸ ಮಾಡುತ್ತದೆ.

ಇನ್ನೊಂದು ಎಚ್ಚರ. ಕೊನೆಯ ಪುಟದಲ್ಲಿ ಮೊದಲೇ ಟಿಕ್ ಆಗಿರುವ ಚೌಕಗಳನ್ನು ಒಂದೊಂದಾಗಿ ನೋಡಿ. ಬೇಗ ತಲುಪಿಸುವ ಸೇವೆ, ಪಾರ್ಸೆಲ್ ವಿಮೆ, ಉಡುಗೊರೆಯ ಸುತ್ತು, ದೇಣಿಗೆ. ಇವನ್ನೆಲ್ಲ ನೀವು ಕೇಳಿಲ್ಲದಿದ್ದರೂ ಸೇರಿಸಿರಬಹುದು. ವಸ್ತು ಕೈಗೆ ಬಂದ ಮೇಲೆ ಹಣ ಕೊಡುವ ಕ್ಯಾಶ್ ಆನ್ ಡೆಲಿವರಿಗೂ ಕೆಲವು ಕಡೆ ಬೇರೆ ಶುಲ್ಕ ಇರುತ್ತದೆ.

ಹಂತ 2: ಮೊತ್ತ ಎಲ್ಲಿಂದ ಬಂತು ಅಂತ ಅರ್ಥ ಮಾಡಿಕೊಳ್ಳಿ

ಈ ಭಾಗ ಸ್ವಲ್ಪ ಉದ್ದ. ದಯವಿಟ್ಟು ದಾಟಿಸಿಕೊಂಡು ಹೋಗಬೇಡಿ. ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಪ್ರತಿ ಪಾರ್ಸೆಲ್‌ಗೂ ಒಂದು ಕನಿಷ್ಠ ಖರ್ಚು ಬಿದ್ದೇ ಬೀಳುತ್ತದೆ. ಗೋದಾಮಿನ ಕಪಾಟಿನಿಂದ ವಸ್ತುವನ್ನು ತೆಗೆಯಬೇಕು, ಬಾಕ್ಸಿಗೆ ತುಂಬಬೇಕು, ವಿಳಾಸದ ಚೀಟಿ ಅಂಟಿಸಬೇಕು, ದಾರಿಯುದ್ದಕ್ಕೂ ಸ್ಕ್ಯಾನ್ ಮಾಡಬೇಕು. ಒಳಗಿರುವುದು ಅಂಗಿಯ ಒಂದು ಗುಂಡಿಯಾದರೂ ಕೆಲಸ ಅಷ್ಟೇ. ಹಾಗಾಗಿ ವಸ್ತು ಅಗ್ಗವಾದಷ್ಟೂ ಶಿಪ್ಪಿಂಗ್ ಅನ್ಯಾಯ ಅನ್ನಿಸುತ್ತದೆ. ಅಲ್ಲಿ ಮೋಸ ಇರಲೇಬೇಕು ಅಂತೇನಿಲ್ಲ.

ಈ ಖರ್ಚಿನಲ್ಲಿ ದೊಡ್ಡ ಪಾಲು ಕೊನೆಯ ಮೈಲಿಯದ್ದು. ನಿಮ್ಮ ಊರಿನ ಡಿಪೋದಿಂದ ನಿಮ್ಮ ಬಾಗಿಲ ತನಕದ ದಾರಿಗೆ ಆ ಹೆಸರು. ಊರಿಂದ ಊರಿಗೆ ಒಂದು ಲಾರಿ ಸಾವಿರಾರು ಬಾಕ್ಸುಗಳನ್ನು ಒಟ್ಟಿಗೆ ಹೊತ್ತು ತರುತ್ತದೆ. ಖರ್ಚು ಹಂಚಿಹೋಗುತ್ತದೆ. ಕೊನೆಯಲ್ಲಿ ಮಾತ್ರ ಒಬ್ಬ ಮನುಷ್ಯ ಒಂದು ಬಾಕ್ಸು ಹಿಡಿದು ಒಂದು ಮನೆಯ ಮೆಟ್ಟಿಲು ಹತ್ತಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ನಾಳೆ ಮತ್ತೆ ಬರಬೇಕು.

ಆಮೇಲೆ ಬರುವುದು ಗಾತ್ರದ ತೂಕ. ಕೊರಿಯರ್‌ನವರು ಇದನ್ನು ವಾಲ್ಯುಮೆಟ್ರಿಕ್ ವೇಟ್ ಅನ್ನುತ್ತಾರೆ. ‘ಇಷ್ಟು ಹಗುರ ವಸ್ತುವಿಗೆ ಇಷ್ಟೊಂದಾ?’ ಎಂಬ ಪ್ರಶ್ನೆಗೆ ಹೆಚ್ಚಿನ ಸಲ ಇದೇ ಉತ್ತರ. ವಿಮಾನವಾಗಲಿ ವ್ಯಾನಾಗಲಿ, ಹಗುರವಾದ ದೊಡ್ಡ ಬಾಕ್ಸುಗಳನ್ನು ತುಂಬಿದರೆ ತೂಕದ ಮಿತಿ ಮುಟ್ಟುವ ಮೊದಲೇ ಜಾಗ ಮುಗಿದುಹೋಗುತ್ತದೆ. ಹಾಗಾಗಿ ಜಾಗಕ್ಕೂ ಒಂದು ತೂಕ ಕಟ್ಟುತ್ತಾರೆ. ಲೆಕ್ಕ ಹೀಗೆ: ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಮೂರನ್ನೂ ಗುಣಿಸಿ. ಬಂದದ್ದನ್ನು 5000ದಿಂದ ಭಾಗಿಸಿ. ಸಿಗುವುದು ಕಿಲೋ ಲೆಕ್ಕದ ಗಾತ್ರದ ತೂಕ. ಅಂತರರಾಷ್ಟ್ರೀಯ ಕೊರಿಯರ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವ ಭಾಜಕ ಈ 5000. ವಿಮಾನದ ಸರಕು ಸಾಗಣೆಯಲ್ಲಿ 6000 ಬಳಸುವುದು ರೂಢಿ.

ನಿಜವಾದ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಹಣ.

ಒಂದು ದಿಂಬನ್ನು ತೆಗೆದುಕೊಳ್ಳಿ. ತಕ್ಕಡಿಯಲ್ಲಿ ಒಂದೂವರೆ ಕಿಲೋ. ಅದನ್ನು 50, 40, 40 ಸೆಂ.ಮೀ. ಬಾಕ್ಸಿನಲ್ಲಿ ಹಾಗೇ ಇಟ್ಟು ಕಳಿಸಿದರೆ ಗುಣಲಬ್ಧ 80,000. 5000ದಿಂದ ಭಾಗಿಸಿದರೆ 16 ಕಿಲೋ! ಅದೇ ದಿಂಬಿನ ಗಾಳಿ ತೆಗೆದು ಸುರುಳಿ ಸುತ್ತಿ 50, 20, 20 ಸೆಂ.ಮೀ. ಬಾಕ್ಸಿಗೆ ಹಾಕಿದರೆ 4 ಕಿಲೋ. ವಸ್ತು ಅದೇ, ದೂರ ಅದೇ. ಹಣ ಕಟ್ಟುವ ತೂಕ ಮಾತ್ರ ಕಾಲು ಭಾಗಕ್ಕೆ ಇಳಿಯಿತು. ವ್ಯಾಯಾಮದ ಕಬ್ಬಿಣದ ಡಂಬೆಲ್‌ನಂಥ ವಸ್ತುವಿನಲ್ಲಿ ಇದು ಉಲ್ಟಾ. ಅಲ್ಲಿ ಬಾಕ್ಸು ಚಿಕ್ಕದು, ತಕ್ಕಡಿಯ ತೂಕವೇ ಗೆಲ್ಲುತ್ತದೆ, ಪ್ಯಾಕಿಂಗ್ ಬದಲಿಸಿ ಏನೂ ಉಳಿಯದು.

ಈ ಲೆಕ್ಕ ಮೊದಲಿನಿಂದ ಎಲ್ಲ ಕಡೆ ಇರಲಿಲ್ಲ. ಅಮೆರಿಕದ ಎರಡು ದೊಡ್ಡ ಕೊರಿಯರ್‌ಗಳಾದ ಫೆಡ್‌ಎಕ್ಸ್ ಮತ್ತು ಯುಪಿಎಸ್, ರಸ್ತೆಯಲ್ಲಿ ಹೋಗುವ ಚಿಕ್ಕ ಪಾರ್ಸೆಲ್‌ಗಳಿಗೂ ಇದನ್ನು ಹಚ್ಚಿದ್ದು 2015ರ ದರಪಟ್ಟಿಯಿಂದ. ದೊಡ್ಡ ಬಾಕ್ಸಿನಲ್ಲಿ ಸಣ್ಣ ವಸ್ತು ಇಟ್ಟು, ಉಳಿದ ಜಾಗಕ್ಕೆ ಗಾಳಿಯ ಚೀಲ ತುಂಬಿ ಕಳಿಸುವ ಮಾರಾಟಗಾರರು ಇಂದಿಗೂ ಇದ್ದಾರೆ. ಆ ಗಾಳಿಗೆ ಹಣ ಕಟ್ಟುವವರು ನಾವು.

ತೂಕವನ್ನು ಮೇಲಕ್ಕೆ ಏರಿಸಿ ಲೆಕ್ಕ ಹಾಕುವ ಪದ್ಧತಿಯೂ ಇದೆ. ದರಪಟ್ಟಿ ಅರ್ಧರ್ಧ ಕಿಲೋ ಮೆಟ್ಟಿಲುಗಳಲ್ಲಿದ್ದರೆ 1.02 ಕಿಲೋ ಪಾರ್ಸೆಲ್‌ಗೆ ಒಂದೂವರೆ ಕಿಲೋ ಹಣ. ಇಪ್ಪತ್ತು ಗ್ರಾಮ್ ಅಂದರೆ ಒಮ್ಮೊಮ್ಮೆ ಪ್ಯಾಕಿಂಗ್ ರಟ್ಟಿನ ತೂಕ ಅಷ್ಟೇ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ದೂರವನ್ನು ಕೊರಿಯರ್‌ನವರು ಜೋನ್‌ಗಳಾಗಿ, ಅಂದರೆ ವಲಯಗಳಾಗಿ ಮಾಡಿಕೊಂಡಿರುತ್ತಾರೆ. ವಲಯ ದಾಟಿದಷ್ಟೂ ದರ ಏರುತ್ತದೆ. ಇದರ ಮೇಲೆ ಇಂಧನದ ಸರ್‌ಚಾರ್ಜ್, ಅಂದರೆ ಮೂಲ ದರದ ಮೇಲೆ ಇಂತಿಷ್ಟು ಶೇಕಡಾ ಅಂತ ಸೇರಿಸುವ ಮೊತ್ತ ಬರುತ್ತದೆ. ಇದು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬದಲಾಗುತ್ತಿರುತ್ತದೆ. ದೂರದ ಹಳ್ಳಿ, ದ್ವೀಪ, ಬೆಟ್ಟದ ವಿಳಾಸಗಳಿಗೆ ಇನ್ನೊಂದು ಸೇರ್ಪಡೆ. ಉದ್ದವಾದ ಅಥವಾ ವಿಚಿತ್ರ ಆಕಾರದ ಬಾಕ್ಸಿಗೆ ಮತ್ತೊಂದು.

ಹಂತ 3: ನಿಮ್ಮ ಆರ್ಡರ್‌ನಲ್ಲಿ ಯಾವುದು ಭಾರ ಅಂತ ಕಂಡುಹಿಡಿಯಿರಿ

ವಸ್ತುವಿನ ಪುಟದಲ್ಲಿ ಬಾಕ್ಸಿನ ಅಳತೆ ಮತ್ತು ತೂಕ ಇದ್ದರೆ ಮೇಲಿನ ಲೆಕ್ಕ ಹಾಕಿ. ಅಲ್ಲಿ ಕೊಟ್ಟಿರುವುದು ವಸ್ತುವಿನ ಅಳತೆಯೋ ಬಾಕ್ಸಿನ ಅಳತೆಯೋ ಅಂತ ಸರಿಯಾಗಿ ನೋಡಿ, ಇವೆರಡೂ ಬೇರೆ. ಬಾಕ್ಸಿನದ್ದು ಇಲ್ಲದಿದ್ದರೆ ಮನೆಯಲ್ಲಿರುವ ಅಂಥದೇ ವಸ್ತುವಿಗೆ ಟೇಪು ಹಿಡಿದು, ಪ್ರತಿ ಬದಿಗೂ ನಾಲ್ಕೈದು ಸೆಂಟಿಮೀಟರ್ ಸೇರಿಸಿ ಅಂದಾಜು ಮಾಡಿ.

ಲೆಕ್ಕ ಹಾಕಿದ ಮೇಲೆ ವಿಷಯ ತಾನಾಗಿಯೇ ಕಾಣುತ್ತದೆ. ಗಾತ್ರದ ತೂಕವೇ ಜಾಸ್ತಿ ಬಂದರೆ ಪ್ಯಾಕಿಂಗ್ ಬಗ್ಗೆ ಕೇಳಬೇಕು. ವಸ್ತು ಸಣ್ಣದು, ಹಗುರ, ಆದರೂ ಮೊತ್ತ ದೊಡ್ಡದು ಅಂದರೆ ಕನಿಷ್ಠ ಖರ್ಚಿನ ಕಾಟ. ಒಟ್ಟುಗೂಡಿಸಿ ತರಿಸುವುದೇ ದಾರಿ. ಎರಡೂ ಅಲ್ಲ, ದೂರ ಕಾರಣ ಅಂದರೆ ಹತ್ತಿರದಲ್ಲಿ ಇರುವ ಬೇರೆ ಮಾರಾಟಗಾರರನ್ನು ಹುಡುಕಬೇಕು.

ಯಾವುದೂ ಹೊಂದದಿದ್ದರೆ? ಕೊರಿಯರ್ ಕಂಪನಿಗಳ ತಾಣದಲ್ಲಿ ದರ ಕೇಳುವ ಕ್ಯಾಲ್ಕ್ಯುಲೇಟರ್ ಇರುತ್ತದೆ. ಎರಡೂ ಕಡೆಯ ಪಿನ್‌ಕೋಡ್, ಅಳತೆ, ತೂಕ ಹಾಕಿ ನೋಡಿ. ಮಾರಾಟಗಾರರು ಕೇಳುತ್ತಿರುವುದು ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಒಪ್ಪಬಹುದು. ಬಾಕ್ಸು, ಟೇಪು, ಕೂಲಿ ಎಲ್ಲ ಅವರದ್ದೇ ಅಲ್ವಾ. ಬಹಳ ಜಾಸ್ತಿ ಇದ್ದರೆ ಶಿಪ್ಪಿಂಗ್ ಹೆಸರಿನಲ್ಲಿ ಲಾಭ ಸೇರಿಸಿದ್ದಾರೆ ಅಂತಲೇ ಅರ್ಥ. ಅಂಥವರನ್ನು ಬಿಟ್ಟುಬಿಡಿ.

ಹಂತ 4: ಕೇಳಿ

ಇಷ್ಟು ಸರಳವಾದದ್ದನ್ನು ಬಹಳ ಜನ ಮಾಡುವುದೇ ಇಲ್ಲ. ಸಣ್ಣ ಮಾರಾಟಗಾರರಲ್ಲಿ, ಕೈಕೆಲಸದವರಲ್ಲಿ, ಹಳೆಯ ವಸ್ತು ಮಾರುವವರಲ್ಲಿ ಕೇಳಿದರೆ ಕೆಲಸ ಆಗುತ್ತದೆ. ಅವರು ಶಿಪ್ಪಿಂಗ್ ದರವನ್ನು ಅಂದಾಜಿನ ಮೇಲೆ ಒಮ್ಮೆ ತುಂಬಿ ಮರೆತಿರುತ್ತಾರೆ. ದೊಡ್ಡ ತಾಣಗಳ ಸ್ವಂತ ಗೋದಾಮಿನಿಂದ ಬರುವ ವಸ್ತುವಿಗೆ ಈ ಹಂತ ಬಿಡಿ. ಅಲ್ಲಿ ದರ ಹಾಕುವುದು ಯಂತ್ರ.

ಹೀಗೆ ಬರೆಯಬಹುದು: ‘ನಮಸ್ಕಾರ. ನಿಮ್ಮಲ್ಲಿರುವ ಈ ಎರಡು ವಸ್ತುಗಳನ್ನು ಕೊಳ್ಳಬೇಕೆಂದಿದ್ದೇನೆ. ಎರಡನ್ನೂ ಒಂದೇ ಬಾಕ್ಸಿನಲ್ಲಿ ಕಳಿಸಿದರೆ ಶಿಪ್ಪಿಂಗ್ ಎಷ್ಟಾಗುತ್ತದೆ? ನನಗೆ ಅವಸರವಿಲ್ಲ, ನಿಧಾನವಾಗಿ ಬರುವ ಅಂಚೆಯೂ ಆಗುತ್ತದೆ. ಬಾಕ್ಸಿನ ಅಳತೆ ಮತ್ತು ತೂಕ ತಿಳಿಸಿದರೆ ಉಪಕಾರವಾಗುತ್ತದೆ.’ ಇದರಲ್ಲಿ ಬೈಗುಳ ಇಲ್ಲ, ಚೌಕಾಸಿಯೂ ಇಲ್ಲ. ಆದರೆ ನೀವು ಕೊಳ್ಳುವವರು, ಲೆಕ್ಕ ಬಲ್ಲವರು ಅಂತ ಅವರಿಗೆ ಗೊತ್ತಾಗುತ್ತದೆ.

ಹಣ ಕಟ್ಟುವ ಮೊದಲೇ ಕೇಳುವುದು ಮುಖ್ಯ. ನಾನೊಮ್ಮೆ ಒಬ್ಬರೇ ಮಾರಾಟಗಾರರಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಆರ್ಡರ್ ಮಾಡಿ ಎರಡು ಸಲ ಶಿಪ್ಪಿಂಗ್ ಕಟ್ಟಿದ್ದೆ. ಬಂದದ್ದು ಒಂದೇ ಬಾಕ್ಸು. ಬರೆದು ಕೇಳಿದ ಮೇಲೆ ಎರಡನೆಯದನ್ನು ವಾಪಸ್ ಹಾಕಿದರು. ಎಲ್ಲರೂ ಹಾಗೆ ಹಾಕುತ್ತಾರೆ ಅಂತ ನಂಬಿ ಕೂರಬೇಡಿ.

ಹಂತ 5: ತರಿಸುವ ರೀತಿ ಬದಲಿಸಿ

ಒಟ್ಟುಗೂಡಿಸಿ ತರಿಸಿ. ಬೇಕಾದ ಸಣ್ಣಪುಟ್ಟ ವಸ್ತುಗಳ ಪಟ್ಟಿ ಇಟ್ಟುಕೊಂಡು ತಿಂಗಳಿಗೊಮ್ಮೆ ಆರ್ಡರ್ ಮಾಡಿದರೆ ಆ ಕನಿಷ್ಠ ಖರ್ಚು ಒಂದೇ ಸಲ ಬೀಳುತ್ತದೆ. ಆದರೆ ಒಂದೇ ತಾಣ ಅಂದರೆ ಒಂದೇ ಅಂಗಡಿ ಅಲ್ಲ. ನಿಮ್ಮ ಕಾರ್ಟ್‌ನಲ್ಲಿರುವ ಐದು ವಸ್ತುಗಳು ಐದು ಮಾರಾಟಗಾರರಿಂದ ಬರುತ್ತಿದ್ದರೆ ಶಿಪ್ಪಿಂಗ್ ಐದು ಸಲ. ವಸ್ತುವಿನ ಪುಟದಲ್ಲಿ ಮಾರಾಟಗಾರರ ಹೆಸರು ಒತ್ತಿ, ಅವರಲ್ಲೇ ಉಳಿದವೂ ಸಿಗುತ್ತವಾ ನೋಡಿ.

ಅವಸರ ಇಲ್ಲದಿದ್ದರೆ ನಿಧಾನದ ಸೇವೆ ಆರಿಸಿ. ವಿಮಾನದಲ್ಲಿ ಬರುವುದಕ್ಕೂ ರಸ್ತೆಯಲ್ಲಿ ಬರುವುದಕ್ಕೂ ದರ ಬಹಳ ಬೇರೆ. ಲಾಕರ್ ಅಥವಾ ಪಿಕಪ್ ಸೆಂಟರ್ ಆಯ್ಕೆ ಇದ್ದರೆ ಅದನ್ನೂ ನೋಡಿ. ನೀವೇ ಹೋಗಿ ತಂದುಕೊಂಡರೆ ಕೊನೆಯ ಮೈಲಿಯ ಖರ್ಚು ಅವರಿಗೆ ಉಳಿಯುತ್ತದೆ, ಕೆಲವು ಕಡೆ ಅದರ ಲಾಭ ನಿಮಗೂ ಬರುತ್ತದೆ.

ಪೀಠೋಪಕರಣದಂಥ ವಸ್ತುವಿನಲ್ಲಿ, ಬಿಡಿ ಭಾಗಗಳಾಗಿ ಬಂದು ಮನೆಯಲ್ಲಿ ಜೋಡಿಸಿಕೊಳ್ಳುವಂಥದ್ದು ಸಿಕ್ಕರೆ ಅದೇ ಒಳ್ಳೆಯದು. ಕಾರಣ ನಿಮಗೀಗ ಗೊತ್ತು: ಚಪ್ಪಟೆ ಬಾಕ್ಸಿನ ಗಾತ್ರದ ತೂಕ ಕಡಿಮೆ.

ಹಂತ 6: ‘ಉಚಿತ’ ಅಂದಾಗ ಲೆಕ್ಕ ಹಾಕಿ

ಉಚಿತ ಶಿಪ್ಪಿಂಗ್ ಅಂದರೆ ಸಾಗಣೆಗೆ ಖರ್ಚೇ ಆಗಲಿಲ್ಲ ಅಂತಲ್ಲ. ಅದು ವಸ್ತುವಿನ ಬೆಲೆಯಲ್ಲಿ ಸೇರಿದೆ, ಅಥವಾ ಮಾರಾಟಗಾರರು ತಮ್ಮ ಲಾಭದಿಂದ ಭರಿಸುತ್ತಿದ್ದಾರೆ.

ಇಂತಿಷ್ಟಕ್ಕಿಂತ ಜಾಸ್ತಿ ಕೊಂಡರೆ ಉಚಿತ ಎಂಬ ಮಿತಿಯನ್ನು ತೆಗೆದುಕೊಳ್ಳಿ. ಮಿತಿ 100, ನಿಮ್ಮ ಕಾರ್ಟ್ 80, ಶಿಪ್ಪಿಂಗ್ 12 ಅಂತ ಇಟ್ಟುಕೊಳ್ಳೋಣ. ಈಗ ಕಟ್ಟಬೇಕಾದದ್ದು 92. ಮಿತಿ ಮುಟ್ಟಲು 25ರ ಇನ್ನೊಂದು ವಸ್ತು ಸೇರಿಸಿದರೆ 105. ಅಂದರೆ ಆ ವಸ್ತು ನಿಮಗೆ 13ಕ್ಕೆ ಸಿಕ್ಕ ಹಾಗಾಯಿತು. ಅದು ಹೇಗೂ ಬೇಕಾಗಿದ್ದರೆ ಒಳ್ಳೆಯ ವ್ಯಾಪಾರ. ಬೇಡವಾಗಿದ್ದರೆ 12 ಉಳಿಸಲು ಹೋಗಿ ಸುಮ್ನೆ 13 ಕಳೆದಿರಿ.

ಈ ಮಿತಿಯಲ್ಲಿ ಎರಡು ಕಡೆ ಜಾರುತ್ತೇವೆ. ಕೂಪನ್ ಹಾಕಿದ ಮೇಲೆ ಮೊತ್ತ ಮಿತಿಗಿಂತ ಕೆಳಗಿಳಿದು ಶಿಪ್ಪಿಂಗ್ ಮತ್ತೆ ಸೇರಿಕೊಳ್ಳಬಹುದು. ಆಗ ಕೂಪನ್ ಇಲ್ಲದೆ ಎಷ್ಟು, ಇದ್ದರೆ ಎಷ್ಟು ಅಂತ ಎರಡನ್ನೂ ನೋಡಿ. ಇನ್ನೊಂದು, ಮಿತಿ ಮುಟ್ಟಿಸಲು ಕೊಂಡ ವಸ್ತುವನ್ನು ಆಮೇಲೆ ವಾಪಸ್ ಮಾಡಿದರೆ ಕೆಲವು ಅಂಗಡಿಗಳು ಮೊದಲಿನ ಶಿಪ್ಪಿಂಗನ್ನು ರಿಫಂಡ್‌ನಲ್ಲಿ ಮುರಿದುಕೊಳ್ಳುತ್ತವೆ.

ವರ್ಷಕ್ಕಿಷ್ಟು ಅಂತ ಕಟ್ಟಿ ಶಿಪ್ಪಿಂಗ್ ಇಲ್ಲದೆ ತರಿಸುವ ಸದಸ್ಯತ್ವವೂ ಇದೆ. ಅಮೆಜಾನ್ ಇದನ್ನು ಪ್ರೈಮ್ ಹೆಸರಿನಲ್ಲಿ ಅಮೆರಿಕದಲ್ಲಿ ಶುರು ಮಾಡಿದ್ದು 2005ರಲ್ಲಿ. ಬೇಕೋ ಬೇಡವೋ ಅಂತ ತಿಳಿಯಲು ನಿಮ್ಮ ಹಳೆಯ ಆರ್ಡರ್‌ಗಳ ಪಟ್ಟಿ ತೆಗೆಯಿರಿ. ಕಳೆದ ಹನ್ನೆರಡು ತಿಂಗಳಲ್ಲಿ ನಿಜವಾಗಿ ಕಟ್ಟಿದ ಶಿಪ್ಪಿಂಗ್ ಮಾತ್ರ ಕೂಡಿಸಿ. ಅದು ಸದಸ್ಯತ್ವದ ಹಣಕ್ಕಿಂತ ಕಡಿಮೆ ಇದ್ದರೆ ಶಿಪ್ಪಿಂಗ್‌ಗಾಗಿ ಅದು ಬೇಡ. ‘ಸದಸ್ಯತ್ವ ಇದ್ದರೆ ಜಾಸ್ತಿ ತರಿಸುತ್ತೇನೆ’ ಅಂತ ಲೆಕ್ಕ ಹಾಕಬೇಡಿ. ಅದು ಉಳಿತಾಯವಲ್ಲ, ಖರ್ಚು. ಸೇರಿದ ದಿನವೇ ತಾನಾಗಿ ನವೀಕರಣ ಆಗುವುದನ್ನು ಆಫ್ ಮಾಡಿಡಿ.

ಹಂತ 7: ಬೇರೆ ದೇಶದಿಂದ ತರಿಸುವುದಾದರೆ

ಇಲ್ಲಿ ಶಿಪ್ಪಿಂಗ್ ಜೊತೆ ಕಸ್ಟಮ್ಸ್ ಸುಂಕವೂ ಬರುತ್ತದೆ. ಬಹಳಷ್ಟು ದೇಶಗಳಲ್ಲಿ ಸುಂಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ. ಬೆಲೆ, ವಿಮೆ, ಸಾಗಣೆ ಮೂರನ್ನೂ ಕೂಡಿಸಿ ಹಾಕುತ್ತಾರೆ. ಅಂದರೆ ಶಿಪ್ಪಿಂಗ್ ಏರಿದರೆ ಸುಂಕವೂ ಏರುತ್ತದೆ.

ಆರ್ಡರ್ ಪುಟದಲ್ಲಿ ಡಿಡಿಪಿ ಅಥವಾ ಡಿಎಪಿ ಎಂಬ ಅಕ್ಷರಗಳಿವೆಯಾ ನೋಡಿ. ಡಿಡಿಪಿ ಅಂದರೆ ಸುಂಕದ ಜವಾಬ್ದಾರಿ ಮಾರಾಟಗಾರರದ್ದು, ನೀವು ಕಟ್ಟುವ ಮೊತ್ತದಲ್ಲೇ ಅದು ಸೇರಿರುತ್ತದೆ. ಡಿಎಪಿ ಅಂದರೆ ವಸ್ತು ಬಂದ ಮೇಲೆ ಸುಂಕ ನೀವು ಕಟ್ಟಬೇಕು. ಈ ಎರಡನೆಯದರಲ್ಲಿ ಕೊರಿಯರ್‌ನವರು ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ತಮ್ಮದೂ ಒಂದು ಶುಲ್ಕ ಸೇರಿಸುವುದುಂಟು. ಸಣ್ಣ ವಸ್ತುವಿಗೆ ಆ ಶುಲ್ಕ ಸುಂಕಕ್ಕಿಂತ ಜಾಸ್ತಿಯಾಗುವುದೂ ಇದೆ.

ಸಣ್ಣ, ಹಗುರ ವಸ್ತುವಾದರೆ ಕೊರಿಯರ್ ಬದಲು ಅಂಚೆಯಲ್ಲಿ ಕಳಿಸುತ್ತಾರಾ ಕೇಳಿ. 1874ರಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ನಿಯಮಗಳ ಅಡಿಯಲ್ಲಿ ದೇಶದಿಂದ ದೇಶಕ್ಕೆ ಅಂಚೆ ಹೋಗುತ್ತದೆ. ಅದರಲ್ಲಿ 2 ಕಿಲೋ ತನಕದ ಸಣ್ಣ ಪ್ಯಾಕೆಟ್‌ಗೆ ಬೇರೆಯೇ ವರ್ಗ ಇದೆ. ನಿಧಾನ, ಟ್ರ್ಯಾಕಿಂಗ್ ಕೂಡ ಎಲ್ಲ ಕಡೆ ಸರಿಯಾಗಿ ಇರುವುದಿಲ್ಲ, ಆದರೆ ಅಗ್ಗ. ಬ್ಯಾಟರಿ, ಸುಗಂಧದ್ರವ್ಯದಂಥ ವಸ್ತುಗಳಿಗೆ ಮಾತ್ರ ಈ ದಾರಿ ಸುಲಭವಲ್ಲ. ವಿಮಾನದಲ್ಲಿ ಅವು ಅಪಾಯಕಾರಿ ಸರಕು, ಕಳಿಸುವ ನಿಯಮ ಬಿಗಿ.

ಹಿಂದೆ ಹೀಗಿರಲಿಲ್ಲವಲ್ಲ, ಈಗ ಯಾಕೆ ಅಂತ ಕೇಳುವವರಿಗೆ: ನಿಯಮಗಳೇ ಬದಲಾಗಿವೆ. ಹೊರಗಿನಿಂದ ಬಂದ ಅಂಚೆಯನ್ನು ಹಂಚಲು ದೇಶಗಳು ಒಂದಕ್ಕೊಂದು ಕೊಡುವ ದರವನ್ನು ಏರಿಸಲು 2019ರಲ್ಲಿ ಜಿನೀವಾದಲ್ಲಿ ಸೇರಿದ ಅಂಚೆ ಒಕ್ಕೂಟ ಒಪ್ಪಿತು. ಯುರೋಪಿಯನ್ ಒಕ್ಕೂಟ 22 ಯೂರೋ ತನಕದ ಪಾರ್ಸೆಲ್‌ಗಳಿಗಿದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಂದು ತೆಗೆಯಿತು. 800 ಡಾಲರ್ ತನಕದ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು.

ಇಲ್ಲಿ ಎರಡು ಗಟ್ಟಿ ಎಚ್ಚರಿಕೆ. ಬೆಲೆ ಕಡಿಮೆ ಬರೆಯಿರಿ, ಉಡುಗೊರೆ ಅಂತ ನಮೂದಿಸಿ ಅಂತ ಮಾರಾಟಗಾರರನ್ನು ಕೇಳಬೇಡಿ. ಅದು ಕಾನೂನಿಗೆ ವಿರುದ್ಧ. ಪಾರ್ಸೆಲ್ ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗೇ ಸಿಗುತ್ತದೆ. ಎರಡನೆಯದು, ‘ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ಸಣ್ಣ ಶುಲ್ಕ ಕಟ್ಟಿ’ ಅಂತ ಲಿಂಕ್ ಸಮೇತ ಮೆಸೇಜ್ ಬಂದರೆ ಒತ್ತಬೇಡಿ. ಕಾರ್ಡಿನ ವಿವರ ಕದಿಯಲು ಹೂಡುವ ಹಳೆಯ ಆಟ ಇದು. ಟ್ರ್ಯಾಕಿಂಗ್ ನಂಬರನ್ನು ಕೊರಿಯರ್‌ನ ತಾಣದಲ್ಲಿ ನೀವೇ ಹಾಕಿ ನೋಡಿ. ನಿಜವಾದ ಬಾಕಿ ಇದ್ದರೆ ಅಲ್ಲಿ ಕಾಣುತ್ತದೆ.

ಹಂತ 8: ವಾಪಸಾತಿಯ ಖರ್ಚು ಮೊದಲೇ ತಿಳಿದಿರಲಿ

ಬಟ್ಟೆ, ಚಪ್ಪಲಿ, ಅಳತೆ ತಪ್ಪಬಹುದಾದ ಯಾವುದೇ ವಸ್ತುವಾದರೂ ರಿಟರ್ನ್ ನಿಯಮ ಓದಿಯೇ ಕೊಳ್ಳಿ. ವಾಪಸ್ ಕಳಿಸುವ ಖರ್ಚು ಯಾರದ್ದು? ಮೊದಲು ಕಟ್ಟಿದ ಶಿಪ್ಪಿಂಗ್ ತಿರುಗಿ ಬರುತ್ತದಾ? ಈ ಎರಡಕ್ಕೆ ಉತ್ತರ ಸಿಗದಿದ್ದರೆ ಹೋಗುವ, ಬರುವ ಎರಡೂ ಖರ್ಚು ನಿಮ್ಮದೇ ಅಂತ ಎಣಿಸಿ ನಿರ್ಧಾರ ಮಾಡಿ.

ಬಾಕ್ಸು ಎಸೆಯಬೇಡಿ. ಒಡೆದದ್ದು ಅಥವಾ ತಪ್ಪು ವಸ್ತು ಬಂದರೆ ಬಾಕ್ಸಿನ, ಚೀಟಿಯ, ವಸ್ತುವಿನ ಫೋಟೋ ತೆಗೆದು ಅವತ್ತೇ ಬರೆಯಿರಿ. ದುಬಾರಿ ವಸ್ತುವಾದರೆ ಬಾಕ್ಸು ಬಿಚ್ಚುವಾಗಲೇ ವಿಡಿಯೋ ಮಾಡಿ. ಅವರು ಒಪ್ಪಿ, ವಾಪಸ್ ಕಳಿಸುವ ಚೀಟಿ ಕೊಡುವ ಮೊದಲು ನೀವೇ ಹಣ ಕೊಟ್ಟು ಕೊರಿಯರ್ ಮಾಡಬೇಡಿ. ಆ ಹಣ ಆಮೇಲೆ ಕೇಳುವುದು ಕಷ್ಟ.

ಹಂತ 9: ಜಾಸ್ತಿ ಕಟ್ಟಿಸಿಕೊಂಡಿದ್ದಾರೆ ಅನ್ನಿಸಿದರೆ

ಬಂದ ಬಾಕ್ಸಿಗೆ ಟೇಪು ಹಿಡಿಯಿರಿ. ಚೀಟಿಯ ಮೇಲೆ ತೂಕವೂ ಎಷ್ಟೋ ಸಲ ಅಚ್ಚಾಗಿರುತ್ತದೆ. ಹಂತ 2ರ ಲೆಕ್ಕ ಹಾಕಿ, ಕೊರಿಯರ್‌ನ ಕ್ಯಾಲ್ಕ್ಯುಲೇಟರ್‌ನಲ್ಲಿ ಬಂದ ದರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಮಾರಾಟಗಾರರಿಗೆ ನಾಲ್ಕೇ ವಾಕ್ಯ ಬರೆಯಿರಿ: ನಾನು ಕಟ್ಟಿದ್ದು ಇಷ್ಟು, ಬಾಕ್ಸಿನ ಅಳತೆ ಮತ್ತು ತೂಕ ಇದು, ಈ ದಾರಿಗೆ ದರ ಇಷ್ಟು, ವ್ಯತ್ಯಾಸದ ಹಣ ವಾಪಸ್ ಕೊಡಿ. ಎರಡು ಮೂರು ದಿನದಲ್ಲಿ ಉತ್ತರ ಬರದಿದ್ದರೆ ಅದೇ ಸಂದೇಶವನ್ನು, ಅದೇ ಫೋಟೋಗಳ ಜೊತೆ, ತಾಣದ ದೂರು ವಿಭಾಗಕ್ಕೆ ಕಳಿಸಿ. ದೂರು ಕೊಡಲು ಗಡುವು ಇರುತ್ತದೆ. ಆರ್ಡರ್ ಪುಟದಲ್ಲೇ ಆ ತಾರೀಖು ನೋಡಿ ಬರೆದಿಟ್ಟುಕೊಳ್ಳಿ.